ಓದುಗರ ಪ್ರಶ್ನೋತ್ತರ: ಸ್ಕ್ಯಾನ್ ಮಾಡಿದ ಫೋಟೊಗಳನ್ನು ಕಿರಿದುಗೊಳಿಸುವಾಗ

ಪ್ರಶ್ನೆ: ಹಳೆಯ ಆಲ್ಬಮ್ಮಿನ ಫೋಟೊಗಳನ್ನು 600 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿಟ್ಟಿದ್ದೇನೆ. ನೆಂಟರಿಗೆ ಕಳುಹಿಸಲೆಂದು ಅವುಗಳ ಉದ್ದ ಅಗಲಗಳನ್ನು ಕಾಲು ಪಾಲಿಗೆ ಇಳಿಸಿದೆ. ಒಂದೇ ಕಡತವನ್ನು ಮೂರು ತಂತ್ರಾಂಶಗಳಲ್ಲಿ ಇಳಿಸಿದಾಗ ಮೂರು ಬಗೆಯ ಚಿತ್ರಗಳು ಬಂದವು. ಒಂದರಲ್ಲಿ ಪಟ್ಟೆ ಅಂಗಿಯ ಮೇಲೆ ಮೂಲದಲ್ಲಿಲ್ಲದ ಅಗಲವಾದ ಅಲೆಗಳು ಮೂಡಿವೆ. ಇನ್ನೊಂದು ಮಂಕಾಗಿದೆ. ಮೂರನೆಯದು ಚುರುಕಾಗಿ ಕಾಣುತ್ತದೆ, ಆದರೆ ಕೂದಲಿನ ಸುತ್ತ ಬಿಳಿ ಗೆರೆ ಎದ್ದಿದೆ. ಎರಡು ತಂತ್ರಾಂಶಗಳ ಮೆನುವಿನಲ್ಲಿ ನಾನು ಆರಿಸಿದ್ದು ‘ಬೈಕ್ಯೂಬಿಕ್’ ವಿಧಾನವನ್ನೇ. ಹೆಸರು ಒಂದೇ ಇದ್ದೂ ಫಲಿತಾಂಶ ಬೇರೆಯಾಗುವುದು ಹೇಗೆ? ಯಾವುದನ್ನು ನಂಬಬೇಕು?

ಉತ್ತರ: ನೀವು ಗುರುತಿಸಿರುವ ಅಲೆ, ಮಂಕು ಮತ್ತು ಬಿಳಿ ಅಂಚು ಮೂರು ಬೇರೆ ಬೇರೆ ಕಾರಣಗಳಿಂದ ಹುಟ್ಟುವ ದೋಷಗಳು. ಅವುಗಳನ್ನು ಒಂದೊಂದಾಗಿ ಬಿಡಿಸಿಕೊಂಡರೆ, ಮೆನುವಿನಲ್ಲಿರುವ ಹೆಸರನ್ನು ನೋಡಿ ತಂತ್ರಾಂಶವನ್ನು ಅಳೆಯಲು ಏಕೆ ಬರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ನಾಲ್ಕು ಅಂಗುಲಕ್ಕೆ ಆರು ಅಂಗುಲದ ಫೋಟೊವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2400 × 3600, ಅಂದರೆ 86 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳು ದೊರೆಯುತ್ತವೆ. ಎರಡೂ ದಿಕ್ಕಿನಲ್ಲಿ ಕಾಲು ಪಾಲಿಗೆ ಇಳಿಸಿದಾಗ ಉಳಿಯುವುದು 600 × 900, ಅಂದರೆ 5 ಲಕ್ಷದ 40 ಸಾವಿರ ಮಾತ್ರ. ಮೂಲದ ಹದಿನಾರು ಪಿಕ್ಸೆಲ್‌ಗಳಿದ್ದ ಜಾಗದಲ್ಲಿ ಈಗ ಒಂದೇ ಒಂದು ಇರುತ್ತದೆ. ಆ ಒಂದರ ಬಣ್ಣವನ್ನು ಹದಿನಾರರಲ್ಲಿ ಯಾವ ಯಾವುದರಿಂದ, ಎಷ್ಟೆಷ್ಟು ಪಾಲಿನಲ್ಲಿ ತೆಗೆದುಕೊಳ್ಳಬೇಕು ಎಂಬುದೇ ಇಲ್ಲಿನ ಇಡೀ ಪ್ರಶ್ನೆ.

ಅತ್ಯಂತ ಸರಳ ವಿಧಾನವೆಂದರೆ ನಾಲ್ಕಕ್ಕೊಂದರಂತೆ ಪಿಕ್ಸೆಲ್ ಎತ್ತಿಕೊಂಡು ಉಳಿದವನ್ನು ಬಿಟ್ಟುಬಿಡುವುದು. ಮೆನುಗಳಲ್ಲಿ ಇದು ‘ನಿಯರೆಸ್ಟ್ ನೇಬರ್’ ಎಂಬ ಹೆಸರಿನಲ್ಲಿ ಇರುತ್ತದೆ. ನಿಮ್ಮ ಅಂಗಿಯ ಒಂದು ಕಪ್ಪು ಪಟ್ಟೆ ಮತ್ತು ಒಂದು ಬಿಳಿ ಪಟ್ಟೆ ಸೇರಿ ಸ್ಕ್ಯಾನಿನಲ್ಲಿ 5 ಪಿಕ್ಸೆಲ್ ಅಗಲವಾಗುತ್ತವೆ ಎಂದಿಟ್ಟುಕೊಳ್ಳಿ. ನಾಲ್ಕಕ್ಕೊಂದರಂತೆ ಎತ್ತಿದಾಗ ಮೊದಲ ಸಲ ಜೋಡಿಯ ಮೊದಲನೆಯ ಪಿಕ್ಸೆಲ್ ಸಿಗುತ್ತದೆ, ಮುಂದಿನ ಸಲ ಅದೇ ಜೋಡಿಯ ಐದನೆಯದು, ಆಮೇಲೆ ಮುಂದಿನ ಜೋಡಿಗಳಿಂದ ನಾಲ್ಕನೆಯದು, ಮೂರನೆಯದು, ಎರಡನೆಯದು, ಮತ್ತೆ ಮೊದಲನೆಯದು. ಹೀಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂಲದ 20 ಪಿಕ್ಸೆಲ್ ದಾಟಿರುತ್ತೇವೆ. ಆದ್ದರಿಂದ ಕಿರಿದಾದ ಚಿತ್ರದಲ್ಲಿ ನಿಜವಾದ ಪಟ್ಟೆಗಿಂತ ನಾಲ್ಕು ಪಟ್ಟು ಅಗಲವಾದ, ಎಲ್ಲಿಯೂ ಇಲ್ಲದ ಪಟ್ಟೆ ಮೂಡುತ್ತದೆ. ನೀವು ಕಂಡ ಅಲೆ ಇದೇ. ಏಲಿಯಾಸಿಂಗ್ ಎಂಬ ಈ ವಿದ್ಯಮಾನದ ಹಿಂದಿನ ನಿಯಮ ಹ್ಯಾರಿ ನೈಕ್ವಿಸ್ಟ್ 1928ರಲ್ಲೂ ಕ್ಲಾಡ್ ಶ್ಯಾನನ್ 1949ರಲ್ಲೂ ಪ್ರಕಟಿಸಿದ ಲೇಖನಗಳಿಂದ ಬಂದದ್ದು: ಒಂದು ಆವರ್ತನೆಯನ್ನು ದಾಖಲಿಸಲು ಕನಿಷ್ಠ ಎರಡು ಮಾದರಿಗಳಾದರೂ ಬೇಕು. ನಿಮ್ಮ ಪಟ್ಟೆ ಜೋಡಿಗೆ ಕಿರಿದಾದ ಚಿತ್ರದಲ್ಲಿ ಸಿಗುವುದು ಒಂದೂಕಾಲು ಪಿಕ್ಸೆಲ್ ಜಾಗ ಮಾತ್ರ. ಅಷ್ಟರಲ್ಲಿ ಪಟ್ಟೆಯನ್ನು ತೋರಿಸುವ ಮಾರ್ಗವೇ ಇಲ್ಲ. ಒಳ್ಳೆಯ ತಂತ್ರಾಂಶ ಅದನ್ನು ಸಮ ಬೂದು ಬಣ್ಣವಾಗಿ ಕರಗಿಸುತ್ತದೆ, ಕೆಟ್ಟದ್ದು ಹುಸಿ ಪಟ್ಟೆಯನ್ನು ಸೃಷ್ಟಿಸುತ್ತದೆ.

ಆದರೆ ನೀವು ಆರಿಸಿದ್ದು ಬೈಕ್ಯೂಬಿಕ್, ನಿಯರೆಸ್ಟ್ ನೇಬರ್ ಅಲ್ಲ. ಗೊಂದಲ ಇರುವುದು ಇಲ್ಲಿಯೇ. ಬೈಕ್ಯೂಬಿಕ್ ವಿಧಾನ ರೂಪುಗೊಂಡದ್ದು ಮುಖ್ಯವಾಗಿ ಎರಡು ಪಿಕ್ಸೆಲ್‌ಗಳ ನಡುವಿನ ಬೆಲೆಯನ್ನು ಅಂದಾಜು ಮಾಡುವುದಕ್ಕೆ. ಅದು ಪ್ರತಿ ದಿಕ್ಕಿನಲ್ಲಿ ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳನ್ನು, ಅಂದರೆ ಒಟ್ಟು ಹದಿನಾರನ್ನು ನೋಡುತ್ತದೆ. ರಾಬರ್ಟ್ ಕೀಸ್ 1981ರಲ್ಲಿ ವಿವರಿಸಿದ ಪ್ರಸಿದ್ಧ ರೂಪದಲ್ಲಿ, ಹೊಸ ಪಿಕ್ಸೆಲ್ ಸರಿಯಾಗಿ ನಡುವೆ ಬಿದ್ದಾಗ, ಒಂದು ಸಾಲಿನ ನಾಲ್ಕರಲ್ಲಿ ಮಧ್ಯದ ಎರಡಕ್ಕೆ ತಲಾ 0.5625 ತೂಕವೂ ಹೊರಗಿನ ಎರಡಕ್ಕೆ ತಲಾ −0.0625 ತೂಕವೂ ಸಿಗುತ್ತವೆ. ದೊಡ್ಡದು ಮಾಡುವಾಗ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಕಾಲು ಪಾಲಿಗೆ ಇಳಿಸುವಾಗಲೂ ಇದೇ ತೂಕಗಳನ್ನು ಹಾಗೆಯೇ ಬಳಸಿದರೆ ಹೊರಗಿನ ಪಿಕ್ಸೆಲ್‌ಗಳು ಸರಾಸರಿಗೆ ಸೇರುವ ಬದಲು ಅದರಿಂದ ಕಳೆಯಲ್ಪಡುತ್ತವೆ. ಮೇಲಿನ ಐದು ಪಿಕ್ಸೆಲ್ಲಿನ ಪಟ್ಟೆಗೆ ಈ ತೂಕಗಳನ್ನು ಹಾಕಿ ಲೆಕ್ಕ ಮಾಡಿದರೆ ಪಟ್ಟೆಯ ತೀವ್ರತೆಯಲ್ಲಿ ಸುಮಾರು ಶೇ. 95ರಷ್ಟು ಹುಸಿ ಅಲೆಯಾಗಿ ಉಳಿದುಬಿಡುತ್ತದೆ. ನಾಲ್ಕು ಪಿಕ್ಸೆಲ್‌ಗಳ ಬರಿಯ ಸರಾಸರಿ ತೆಗೆದಿದ್ದರೂ ಅದು ಶೇ. 25ಕ್ಕೆ ಇಳಿಯುತ್ತಿತ್ತು. ಎಂಟನೆಯ ಒಂದು ಪಾಲಿಗೆ ಇಳಿಸುವಾಗ ಸ್ಥಿತಿ ಇನ್ನೂ ಕೆಡುತ್ತದೆ: ಮೂಲದ 64 ಪಿಕ್ಸೆಲ್‌ಗಳಲ್ಲಿ 48ನ್ನು ತಂತ್ರಾಂಶ ಓದುವುದೇ ಇಲ್ಲ.

ಸರಿಯಾದ ಕ್ರಮವೆಂದರೆ ಇಳಿಸುವ ಪ್ರಮಾಣಕ್ಕೆ ತಕ್ಕಂತೆ ಫಿಲ್ಟರನ್ನು, ಅಂದರೆ ಈ ತೂಕಗಳ ಸಾಲನ್ನು, ಹಿಗ್ಗಿಸುವುದು. ಕಾಲು ಪಾಲಿಗೆ ಇಳಿಸುವಾಗ ನಾಲ್ಕು ಪಿಕ್ಸೆಲ್ ಅಗಲದ ಬೈಕ್ಯೂಬಿಕ್ ಹದಿನಾರು ಪಿಕ್ಸೆಲ್ ಅಗಲಕ್ಕೆ ಹರಡಬೇಕು. ಆಗ ಹುಸಿ ಪಟ್ಟೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಕೆಲವು ತಂತ್ರಾಂಶಗಳು ಹೀಗೆ ಹಿಗ್ಗಿಸುತ್ತವೆ, ಕೆಲವು ಹಿಗ್ಗಿಸುವುದಿಲ್ಲ. ಎರಡರ ಮೆನುವಿನಲ್ಲೂ ‘ಬೈಕ್ಯೂಬಿಕ್’ ಎಂದೇ ಬರೆದಿರುತ್ತದೆ. ಪ್ರೋಗ್ರಾಮ್ ಬರೆಯುವವರು ಬಳಸುವ ಓಪನ್‌ಸಿವಿ ಗ್ರಂಥಾಲಯದ (ಅಂದರೆ ಸಿದ್ಧ ಕೋಡ್‌ಗಳ ಸಂಗ್ರಹದ) ಬೈಲೀನಿಯರ್ (ಪ್ರತಿ ದಿಕ್ಕಿನಲ್ಲಿ ಎರಡೇ ಪಿಕ್ಸೆಲ್ ನೋಡುವ ಸರಳ ವಿಧಾನ) ಮತ್ತು ಬೈಕ್ಯೂಬಿಕ್ ಆಯ್ಕೆಗಳು ಹಿಗ್ಗುವುದಿಲ್ಲ. ಕಿರಿದುಗೊಳಿಸಲೆಂದೇ ಅದರಲ್ಲಿ ‘ಏರಿಯಾ’ ಎಂಬ ಪ್ರತ್ಯೇಕ ಆಯ್ಕೆ ಇದೆ. ಪೈಥಾನ್ ಭಾಷೆಯ ಪಿಲ್ಲೊ ಗ್ರಂಥಾಲಯದಲ್ಲಿಯೂ ಹಿಂದೆ ಇದೇ ಕೊರತೆ ಇತ್ತು. 2015ರಲ್ಲಿ ಬಂದ 2.7 ಆವೃತ್ತಿಯಿಂದ ಈಚೆಗೆ ಅದರ ಬೈಲೀನಿಯರ್ ಮತ್ತು ಬೈಕ್ಯೂಬಿಕ್‌ಗಳು ಸರಿಯಾಗಿ ಹಿಗ್ಗುತ್ತವೆ. ಸಣ್ಣಪುಟ್ಟ ಉಚಿತ ತಂತ್ರಾಂಶಗಳು ಇಂತಹ ಗ್ರಂಥಾಲಯಗಳನ್ನೇ ಒಳಗೆ ಇಟ್ಟುಕೊಂಡಿರುವುದರಿಂದ ಅವುಗಳ ಗುಣದೋಷಗಳು ಅಲ್ಲಿಗೂ ಇಳಿದು ಬರುತ್ತವೆ.

ಇನ್ನು ಮೂರನೆಯ ಚಿತ್ರದ ಬಿಳಿ ಗೆರೆ. ಅದು ಹರಿತಗೊಳಿಸುವಿಕೆಯ, ಅಂದರೆ ಶಾರ್ಪನಿಂಗ್‌ನ ಗುರುತು. ಫೋಟೊಶಾಪ್‌ನಲ್ಲಿ ‘ಬೈಕ್ಯೂಬಿಕ್ ಶಾರ್ಪರ್’ ಎಂಬ ಆಯ್ಕೆಯನ್ನು ಕಿರಿದುಗೊಳಿಸುವುದಕ್ಕೆಂದೇ ಇಟ್ಟಿದ್ದಾರೆ, ಮತ್ತು ಅದು ಅತಿಯಾದಾಗ ಸಾದಾ ಬೈಕ್ಯೂಬಿಕ್ ಬಳಸಿ ಎಂದು ಅದರ ಕೈಪಿಡಿಯೇ ಸೂಚಿಸುತ್ತದೆ. ಆಯ್ಕೆಯನ್ನು ‘ಆಟೊಮ್ಯಾಟಿಕ್’ನಲ್ಲಿ ಬಿಟ್ಟರೆ ಯಾವ ಬಗೆಯನ್ನು ಬಳಸಬೇಕೆಂದು ತಂತ್ರಾಂಶವೇ ತೀರ್ಮಾನಿಸುತ್ತದೆ. ಇರ್ಫಾನ್‌ವ್ಯೂನಲ್ಲಿ ಗಾತ್ರ ಬದಲಿಸುವ ಕಿಟಕಿಯಲ್ಲಿಯೇ, ರೀಸ್ಯಾಂಪಲ್ (ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುವುದು) ಆದ ಮೇಲೆ ಹರಿತಗೊಳಿಸು ಎಂಬ ಚಿಕ್ಕ ಚೌಕವಿದೆ. ಅದಕ್ಕೆ ಗುರುತು ಬಿದ್ದಿದೆಯೇ ಎಂದು ನೋಡದೆ ಹೋಲಿಕೆಗೆ ಇಳಿಯಬಾರದು. ಲೈಟ್‌ರೂಮ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲೂ ಪರದೆಗೆ, ಮ್ಯಾಟ್ ಕಾಗದಕ್ಕೆ, ಹೊಳಪು ಕಾಗದಕ್ಕೆ ಎಂದು ಹರಿತದ ಆಯ್ಕೆಗಳಿವೆ.

ಮಂಕಾದ ಎರಡನೆಯ ಚಿತ್ರವೇ ಬಹುಶಃ ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ಅದರಲ್ಲಿ ಹುಸಿ ಪಟ್ಟೆಯೂ ಇಲ್ಲ, ಹಚ್ಚಿದ ಹರಿತವೂ ಇಲ್ಲ. ಅದಕ್ಕೆ ನೀವೇ ಹದವರಿತು ಹರಿತ ಕೊಟ್ಟರೆ ಉಳಿದೆರಡನ್ನೂ ಮೀರಿಸಬಹುದು. ಹರಿತವನ್ನು ಆಮೇಲೆ ಸೇರಿಸಲು ಸಾಧ್ಯ. ಒಮ್ಮೆ ಚಿತ್ರದೊಳಗೆ ಸೇರಿಹೋದ ಅಲೆಯನ್ನಾಗಲಿ ಬಿಳಿ ಅಂಚನ್ನಾಗಲಿ ತೆಗೆದುಹಾಕುವುದು ಬಹಳ ಕಷ್ಟ.

ಪ್ರಶ್ನೆ: ಕಿರಿದುಗೊಳಿಸಲು ಲಾಂಕ್ಜೋಸ್ ಫಿಲ್ಟರಿಗೆ ಸಮನಾದದ್ದು ಇಲ್ಲ ಎಂದು ಎಲ್ಲೆಡೆ ಓದುತ್ತೇನೆ. ನಿಜವೇ?

ಉತ್ತರ: ಅರ್ಧ ನಿಜ. ಹಂಗೇರಿ ಮೂಲದ ಗಣಿತಜ್ಞ ಕಾರ್ನೀಲಿಯಸ್ ಲಾಂಕ್ಜೋಸ್ (1893–1974) ಅವರ ಹೆಸರು ಹೊತ್ತ ಈ ಫಿಲ್ಟರ್, ಸೈದ್ಧಾಂತಿಕವಾಗಿ ಆದರ್ಶವಾದ ಆದರೆ ಅನಂತ ಉದ್ದದ ಸಿಂಕ್ ಎಂಬ ಅಲೆಯನ್ನು ಎರಡೋ ಮೂರೋ ತೆರೆಗಳಿಗೆ ಮೊಟಕುಗೊಳಿಸುತ್ತದೆ. ಸೂಕ್ಷ್ಮ ವಿವರವನ್ನು ಇಷ್ಟು ಚೆನ್ನಾಗಿ ಉಳಿಸಿಕೊಂಡು ಹುಸಿ ಪಟ್ಟೆಯನ್ನೂ ಇಷ್ಟು ಚೆನ್ನಾಗಿ ತಡೆಯುವ ಫಿಲ್ಟರ್‌ಗಳು ಕಡಿಮೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಅಂಚಿನ ಪಕ್ಕದಲ್ಲಿ ಮೂಡುವ ತೆಳುವಾದ ಪ್ರತಿಗೆರೆಗಳು. ಕಡುಗಪ್ಪು ಕೋಟು ತಿಳಿಯಾದ ಆಕಾಶಕ್ಕೆ ತಾಗುವಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ.

ಡಾನ್ ಮಿಚೆಲ್ ಮತ್ತು ಅರುಣ್ ನೇತ್ರಾವಳಿ 1988ರಲ್ಲಿ ಈ ಕೊಡುಕೊಳೆಯನ್ನು ನೇರವಾಗಿಯೇ ಪರಿಶೀಲಿಸಿದರು. ಕ್ಯೂಬಿಕ್ ಫಿಲ್ಟರಿನಲ್ಲಿ ಎರಡು ಗುಂಡಿಗಳಿವೆ ಎಂದು ಭಾವಿಸಿ, ಅವುಗಳನ್ನು ಬೇರೆ ಬೇರೆ ಮಟ್ಟಕ್ಕೆ ತಿರುಗಿಸಿ, ಸಿಕ್ಕಿದ ಚಿತ್ರಗಳನ್ನು ನೋಡುಗರ ಕಣ್ಣಿನಿಂದಲೇ ವಿಂಗಡಿಸಿದರು: ಇದು ಮಂಕು, ಇದರಲ್ಲಿ ಪ್ರತಿಗೆರೆ, ಇದು ಮೆಟ್ಟಿಲುಮೆಟ್ಟಿಲು. ಎರಡೂ ಗುಂಡಿಗಳು ಮೂರನೆಯ ಒಂದರಲ್ಲಿರುವ ಹದವನ್ನು ಅವರು ಶಿಫಾರಸು ಮಾಡಿದರು. ಇಂದು ಮೆನುಗಳಲ್ಲಿ ‘ಮಿಚೆಲ್’ ಎಂದು ಕಾಣುವುದು ಆ ಫಿಲ್ಟರ್. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಸಾಮಾನ್ಯವಾಗಿ ಕಿರಿದುಗೊಳಿಸುವಾಗ ಲಾಂಕ್ಜೋಸ್ ಅನ್ನೂ ದೊಡ್ಡದು ಮಾಡುವಾಗ ಮಿಚೆಲ್ ಅನ್ನೂ ತಾನಾಗಿ ಆರಿಸಿಕೊಳ್ಳುತ್ತದೆ. ಬೇರೆಯದು ಬೇಕಿದ್ದರೆ ಹೇಳಬಹುದು. ಗಿಂಪ್‌ನಲ್ಲಿ ಲಾಂಕ್ಜೋಸ್ ಇತ್ತು, 2018ರ 2.10 ಆವೃತ್ತಿಯಿಂದ ಆ ಜಾಗಕ್ಕೆ ನೋಹೇಲೊ ಮತ್ತು ಲೋಹೇಲೊ ಎಂಬೆರಡು ಬಂದಿವೆ. ಅರ್ಧಕ್ಕಿಂತ ಹೆಚ್ಚಾಗಿ ಇಳಿಸುವುದಾದರೆ ನೋಹೇಲೊ, ಅಷ್ಟಿಲ್ಲವಾದರೆ ಲೋಹೇಲೊ ಎಂಬುದು ಅದರ ಕೈಪಿಡಿಯ ಸಲಹೆ. ಹೇಲೊ ಎಂದರೆ ಅಂಚಿನ ಪ್ರತಿಗೆರೆ; ಹೆಸರೇ ಹೇಳುವಂತೆ ಅದನ್ನು ತಪ್ಪಿಸುವುದು ಅವುಗಳ ಉದ್ದೇಶ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಕಟ್ಟಡ, ಬೀದಿ, ಬರಹ ಇರುವ ಚಿತ್ರಗಳಿಗೆ ಲಾಂಕ್ಜೋಸ್ ಸರಿ. ಹಳೆಯ ಮುಖಚಿತ್ರಗಳಿಗೆ, ಅದರಲ್ಲೂ ಕಾಗದದ ಒರಟು ಮತ್ತು ಫಿಲ್ಮಿನ ಕಣಗಳು ಎದ್ದು ಕಾಣುವ ಸ್ಕ್ಯಾನ್‌ಗಳಿಗೆ ಮಿಚೆಲ್ ಹೆಚ್ಚು ಹಿತವಾಗಿರುತ್ತದೆ, ಏಕೆಂದರೆ ಲಾಂಕ್ಜೋಸ್ ಆ ಕಣಗಳನ್ನೂ ಅಷ್ಟೇ ಶ್ರದ್ಧೆಯಿಂದ ಉಳಿಸಿಕೊಡುತ್ತದೆ.

ಪ್ರಶ್ನೆ: ರಾತ್ರಿ ತೆಗೆದ ಒಂದು ಹಳೆಯ ಸ್ಲೈಡಿನ ಸ್ಕ್ಯಾನ್ ನನ್ನ ಬಳಿ ಇದೆ. ದೂರದ ದೀಪಗಳ ಸಾಲು ಮೂಲದಲ್ಲಿ ಹೊಳೆಯುತ್ತದೆ. ಕಿರಿದು ಮಾಡಿದ ತಕ್ಷಣ ದೀಪಗಳು ಕಂದುತ್ತವೆ. ಫಿಲ್ಟರ್ ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಇಲ್ಲಿ ತಪ್ಪು ಫಿಲ್ಟರಿನದಲ್ಲ, ಸಂಖ್ಯೆಗಳದು. ಕಡತದಲ್ಲಿರುವ 0ರಿಂದ 255ರವರೆಗಿನ ಸಂಖ್ಯೆಗಳು ಬೆಳಕಿನ ಪ್ರಮಾಣವನ್ನು ನೇರವಾಗಿ ಸೂಚಿಸುವುದಿಲ್ಲ. ಕಣ್ಣು ಕತ್ತಲಿನ ಛಾಯೆಗಳಲ್ಲಿನ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ಗುರುತಿಸುವುದರಿಂದ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ಪದ್ಧತಿಯಲ್ಲಿ ಸಂಖ್ಯೆಗಳನ್ನು ಒಂದು ಬಾಗಿದ ರೇಖೆಗೆ ಅನುಸಾರವಾಗಿ ಹಂಚಲಾಗಿದೆ. ಇದನ್ನು ಗಾಮಾ ಎಂದು ಕರೆಯುತ್ತಾರೆ. ಈ ಪದ್ಧತಿಯಲ್ಲಿ 128 ಎಂಬ ಸಂಖ್ಯೆ ಸೂಚಿಸುವುದು ಬಿಳಿಯ ಅರ್ಧದಷ್ಟು ಬೆಳಕನ್ನಲ್ಲ, ಶೇ. 22ಕ್ಕಿಂತ ತುಸು ಕಡಿಮೆ ಬೆಳಕನ್ನು. ಅರ್ಧ ಬೆಳಕಿಗೆ ಸಲ್ಲುವ ಸಂಖ್ಯೆ 188.

ನಿಮ್ಮ ದೀಪವೊಂದು ಪೂರ್ಣ ಬಿಳಿಯ ಒಂದು ಪಿಕ್ಸೆಲ್, ಅದರ ಪಕ್ಕದ ಮೂರು ಪೂರ್ಣ ಕಪ್ಪು ಎಂದುಕೊಳ್ಳಿ. ಈ ನಾಲ್ಕನ್ನು ಒಂದಾಗಿಸಿದಾಗ ಬೆಳಕಿನ ನ್ಯಾಯವಾದ ಸರಾಸರಿ ಶೇ. 25, ಅದಕ್ಕೆ ಸಲ್ಲುವ ಸಂಖ್ಯೆ 137. ಆದರೆ ಹೆಚ್ಚಿನ ತಂತ್ರಾಂಶಗಳು ಕಡತದ ಸಂಖ್ಯೆಗಳನ್ನೇ ಕೂಡಿಸಿ ನಾಲ್ಕರಿಂದ ಭಾಗಿಸಿ 64 ಎಂದು ಬರೆಯುತ್ತವೆ. 64 ಎಂದರೆ ಶೇ. 5ರಷ್ಟು ಬೆಳಕು. ದೀಪದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲು ಲೆಕ್ಕಾಚಾರದಲ್ಲಿಯೇ ಕಳೆದುಹೋಯಿತು. ಫಿಲ್ಟರ್ ಯಾವುದಾದರೂ ಇದು ಹೀಗೆಯೇ ಆಗುತ್ತದೆ.

ಪರಿಹಾರವೆಂದರೆ ಮೊದಲು ಸಂಖ್ಯೆಗಳನ್ನು ನೇರ ಬೆಳಕಿನ ಪ್ರಮಾಣಕ್ಕೆ ಪರಿವರ್ತಿಸಿ, ಅಲ್ಲಿ ಕಿರಿದುಗೊಳಿಸಿ, ಮತ್ತೆ ಎಸ್‌ಆರ್‌ಜಿಬಿಗೆ ಮರಳಿಸುವುದು. ಇಮೇಜ್‌ಮ್ಯಾಜಿಕ್‌ನಲ್ಲಿ ರೀಸೈಜ್ ಆದೇಶದ ಮುಂಚೆ ಬಣ್ಣದ ಪದ್ಧತಿಯನ್ನು ಲೀನಿಯರ್ ಆರ್‌ಜಿಬಿಗೂ ನಂತರ ಎಸ್‌ಆರ್‌ಜಿಬಿಗೂ ಬದಲಿಸುವ ಆದೇಶಗಳನ್ನು ಸೇರಿಸಬಹುದು. ಫೋಟೊಶಾಪ್‌ನಲ್ಲಿ ಚಿತ್ರವನ್ನು 32 ಬಿಟ್‌ಗೆ ಪರಿವರ್ತಿಸಿದರೆ ಲೆಕ್ಕ ನೇರ ಬೆಳಕಿನಲ್ಲಿ ನಡೆಯುತ್ತದೆ. ಈ ಪರಿವರ್ತನೆಯನ್ನು 8 ಬಿಟ್ ಕಡತದಲ್ಲಿಯೇ ಮಾಡಿ ಉಳಿಸಬೇಡಿ. ನೆರಳಿನ ಛಾಯೆಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಪಟ್ಟಿಯಾಗುತ್ತವೆ. ಕನಿಷ್ಠ 16 ಬಿಟ್ ಇರಲಿ.

ಹಾಗೆಂದು ಎಲ್ಲ ಚಿತ್ರಗಳಿಗೂ ಇದೇ ಮದ್ದು ಎಂದು ತಿಳಿಯಬಾರದು. ತಿಳಿ ಆಕಾಶದ ಮುಂದೆ ಹಾದ ತೆಳುವಾದ ತಂತಿ, ಬಿಳಿ ಕಾಗದದ ಮೇಲಿನ ಬರಹ ಮುಂತಾದವು ನೇರ ಬೆಳಕಿನಲ್ಲಿ ಇಳಿಸಿದಾಗ ಇನ್ನಷ್ಟು ತೆಳ್ಳಗಾಗಿ ಮಾಸುತ್ತವೆ. ಲಾಂಕ್ಜೋಸ್‌ನಂತಹ ಫಿಲ್ಟರಿನ ಕಪ್ಪು ಪ್ರತಿಗೆರೆಗಳೂ ಅಲ್ಲಿ ಹೆಚ್ಚು ಎದ್ದು ಕಾಣುತ್ತವೆ. ಸಾಧಾರಣ ಹಗಲಿನ ಫೋಟೊಗಳಲ್ಲಿ ಎರಡು ಕ್ರಮಗಳ ನಡುವಣ ವ್ಯತ್ಯಾಸವನ್ನು ಅಕ್ಕಪಕ್ಕ ಇಟ್ಟು ಹುಡುಕಬೇಕಾಗುತ್ತದೆ. ರಾತ್ರಿಯ ದೀಪ, ನೀರಿನ ಮೇಲಿನ ಹೊಳಪು, ನಕ್ಷತ್ರಗಳಂತಹ ವಿಷಯಗಳಿದ್ದಾಗ ಮಾತ್ರ ಈ ಶ್ರಮ ಸಾರ್ಥಕ.

ಪ್ರಶ್ನೆ: 600 ಡಿಪಿಐ ಕಡತವನ್ನು 72 ಡಿಪಿಐಗೆ ಬದಲಿಸಿದೆ. ಕಡತದ ಗಾತ್ರ ಕಡಿಮೆಯಾಗಲೇ ಇಲ್ಲ. ಏಕೆ?

ಉತ್ತರ: ನೀವು ಬದಲಿಸಿದ್ದು ಕಡತದೊಳಗೆ ಬರೆದಿಟ್ಟ ಒಂದು ಸೂಚನೆಯನ್ನು ಮಾತ್ರ. ಮುದ್ರಿಸುವಾಗ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಇಡಬೇಕೆಂದು ಹೇಳುವ ಆ ಸಂಖ್ಯೆಗೂ ಪರದೆಗೂ ಸಂಬಂಧವಿಲ್ಲ. ಗಾತ್ರದ ಕಿಟಕಿಯಲ್ಲಿ ‘ರೀಸ್ಯಾಂಪಲ್’ ಎಂಬಲ್ಲಿ ಗುರುತು ಹಾಕಿದಾಗ ಮಾತ್ರ ಪಿಕ್ಸೆಲ್‌ಗಳ ಎಣಿಕೆ ಬದಲಾಗುತ್ತದೆ. ಪರದೆಗಾಗಿ ಇಳಿಸುವಾಗ ಡಿಪಿಐಯನ್ನು ಮರೆತು, ಉದ್ದದ ಬದಿ ಇಷ್ಟು ಪಿಕ್ಸೆಲ್ ಎಂದು ತೀರ್ಮಾನಿಸುವುದೇ ಸರಿ.

ಪ್ರಶ್ನೆ: ಒಂದೇ ಸಲಕ್ಕೆ ಇಳಿಸದೆ, ಪ್ರತಿ ಸಲ ಶೇ. 10ರಷ್ಟು ಇಳಿಸುತ್ತ ಹೋದರೆ ಗುಣಮಟ್ಟ ಚೆನ್ನಾಗಿರುತ್ತದೆ ಎನ್ನುತ್ತಾರೆ. ಅರ್ಧ, ಕಾಲು ಮುಂತಾದ ಪೂರ್ಣ ಭಾಗಗಳಿಗೆ ಮಾತ್ರ ಇಳಿಸಬೇಕು ಎಂದೂ ಹೇಳುತ್ತಾರೆ.

ಉತ್ತರ: ಫಿಲ್ಟರನ್ನು ಹಿಗ್ಗಿಸದ ತಂತ್ರಾಂಶಗಳ ಕಾಲದಲ್ಲಿ ಹುಟ್ಟಿದ ಸಲಹೆಗಳಿವು; ಅಂತಹ ತಂತ್ರಾಂಶವನ್ನೇ ಬಳಸುವವರಿಗೆ ಇಂದಿಗೂ ಸ್ವಲ್ಪ ಉಪಯೋಗಕ್ಕೆ ಬರುತ್ತವೆ. ಬೈಲೀನಿಯರ್ ಪ್ರತಿ ದಿಕ್ಕಿನಲ್ಲಿ ಎರಡೇ ಪಿಕ್ಸೆಲ್ ನೋಡುವುದರಿಂದ, ಸರಿಯಾಗಿ ಅರ್ಧಕ್ಕೆ ಇಳಿಸಿದಾಗ ಯಾವ ಪಿಕ್ಸೆಲ್ಲೂ ಬಿಟ್ಟುಹೋಗುವುದಿಲ್ಲ. ಹಾಗಾಗಿ ಅರ್ಧ, ಅದರ ಅರ್ಧ, ಮತ್ತದರ ಅರ್ಧ ಎಂದು ಇಳಿಯುತ್ತ ಹೋಗುವುದು ಆ ಸಂದರ್ಭದಲ್ಲಿ ಬುದ್ಧಿವಂತಿಕೆಯೇ. ಮೂರು ಆಯಾಮದ ಗ್ರಾಫಿಕ್ಸ್‌ನಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಮಿಪ್‌ಮ್ಯಾಪ್ ತಂತ್ರವೂ ಇದೇ.

ಹಿಗ್ಗುವ ಫಿಲ್ಟರ್ ಇರುವಾಗ ಹಂತಹಂತವಾಗಿ ಇಳಿಸುವುದರಿಂದ ಲಾಭವಿಲ್ಲ, ನಷ್ಟವೇ ಇದೆ. ಪ್ರತಿ ಹಂತದಲ್ಲಿಯೂ ಚಿತ್ರ ಸ್ವಲ್ಪ ಮಂಕಾಗುತ್ತದೆ. ಹರಿತ ಸೇರಿಸುವ ಬಗೆಯನ್ನು ಬಳಸಿದರೆ ಪ್ರತಿ ಹಂತದಲ್ಲಿಯೂ ಅಂಚುಗಳು ಇನ್ನಷ್ಟು ಉಬ್ಬುತ್ತವೆ. ಹಂತ ಹಂತದ ವಿಧಾನ ಚೆನ್ನಾಗಿದೆ ಎಂದು ಕೆಲವರಿಗೆ ಅನ್ನಿಸುವುದು ಈ ಕೂಡಿಕೊಂಡ ಹರಿತದಿಂದಲೇ. ಒಂದೇ ಸಲಕ್ಕೆ ಇಳಿಸಿ, ಬೇಕೆನಿಸಿದಷ್ಟು ಹರಿತವನ್ನು ಒಮ್ಮೆ ಕೊಡಿ. ಶೇ. 37 ಎಂಬಂತಹ ವಿಚಿತ್ರ ಪ್ರಮಾಣಕ್ಕೂ ಹೆದರಬೇಕಾಗಿಲ್ಲ.

ಪ್ರಶ್ನೆ: ಹಳೆಯ ಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರವನ್ನು ಸ್ಕ್ಯಾನ್ ಮಾಡಿದ್ದೇನೆ. ಪೂರ್ಣ ಗಾತ್ರದಲ್ಲಿ ಚುಕ್ಕಿಗಳು ಕಾಣುತ್ತವೆ, ಕಿರಿದು ಮಾಡಿದರೆ ಮುಖದ ತುಂಬ ಚೌಕಳಿ ವಿನ್ಯಾಸ ಬರುತ್ತದೆ.

ಉತ್ತರ: ಅಚ್ಚಿನ ಚಿತ್ರ ನಿಜವಾದ ಬೂದು ಛಾಯೆಗಳಿಂದ ಆದದ್ದಲ್ಲ, ಸಣ್ಣ ದೊಡ್ಡ ಚುಕ್ಕಿಗಳ ಸಾಲುಗಳಿಂದ ಆದದ್ದು. ದಿನಪತ್ರಿಕೆಗಳಲ್ಲಿ ಅಂಗುಲಕ್ಕೆ 85 ಸಾಲು, ನುಣುಪು ಕಾಗದದ ನಿಯತಕಾಲಿಕಗಳಲ್ಲಿ 133 ಅಥವಾ 150 ಸಾಲುಗಳು ಸಾಮಾನ್ಯ. ಇಷ್ಟು ಕ್ರಮಬದ್ಧವಾದ ವಿನ್ಯಾಸದ ಮೇಲೆ ಪಿಕ್ಸೆಲ್‌ಗಳ ಇನ್ನೊಂದು ಕ್ರಮಬದ್ಧ ಜಾಲ ಕೂತಾಗ, ಎರಡರ ವ್ಯತ್ಯಾಸ ಮೊಯ್ರೆ ಎಂಬ ಮೂರನೆಯ ವಿನ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ಬಣ್ಣದ ಅಚ್ಚಿನಲ್ಲಿ ನಾಲ್ಕು ಶಾಯಿಗಳ ಸಾಲುಗಳು ನಾಲ್ಕು ಬೇರೆ ಕೋನಗಳಲ್ಲಿ ಇರುವುದರಿಂದ ತೊಂದರೆ ಇನ್ನೂ ಹೆಚ್ಚು. ಮೊದಲ ಪ್ರಶ್ನೆಯ ಪಟ್ಟೆ ಅಂಗಿಯಲ್ಲಿ ಆದದ್ದೇ ಇಲ್ಲಿ ಇಡೀ ಚಿತ್ರಕ್ಕೆ ಆಗುತ್ತದೆ, ಮತ್ತು ಚುಕ್ಕಿಗಳ ತೀವ್ರತೆ ಪೂರ್ಣ ಕಪ್ಪು ಮತ್ತು ಪೂರ್ಣ ಬಿಳಿಯದಾದ್ದರಿಂದ ಒಳ್ಳೆಯ ಫಿಲ್ಟರ್ ಕೂಡ ಒಂದಿಷ್ಟನ್ನು ಸೋರಿಸಿಬಿಡುತ್ತದೆ.

ಆದ್ದರಿಂದ ಇಂತಹ ಮೂಲಗಳಲ್ಲಿ ಫಿಲ್ಟರನ್ನೇ ನೆಚ್ಚದೆ, ಚುಕ್ಕಿಗಳನ್ನು ಮೊದಲೇ ಕರಗಿಸಿಕೊಳ್ಳಬೇಕು. ಸ್ಕ್ಯಾನರಿನ ತಂತ್ರಾಂಶದಲ್ಲಿ ‘ಡಿಸ್ಕ್ರೀನ್’ ಎಂಬ ಆಯ್ಕೆ ಇದ್ದರೆ ಅದನ್ನು ಪ್ರಯತ್ನಿಸಿ. ಇಲ್ಲವಾದರೆ 600 ಡಿಪಿಐ ಅಥವಾ ಅದಕ್ಕಿಂತ ಹೆಚ್ಚಿಗೆ ಸ್ಕ್ಯಾನ್ ಮಾಡಿ, ಗಾಸಿಯನ್ ಬ್ಲರ್ ಹಾಕಿ, ಆಮೇಲೆ ಇಳಿಸಿ. 600 ಡಿಪಿಐಯಲ್ಲಿ 133 ಸಾಲಿನ ಅಚ್ಚಿನ ಚುಕ್ಕಿಗಳು ಸುಮಾರು ನಾಲ್ಕೂವರೆ ಪಿಕ್ಸೆಲ್ಲಿಗೆ ಒಂದರಂತೆ ಬರುತ್ತವೆ. 2 ಪಿಕ್ಸೆಲ್ ಆಸುಪಾಸಿನ ಬ್ಲರ್ ಅವುಗಳನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸುತ್ತದೆ. ಚಿತ್ರ ಮಬ್ಬಾಯಿತೆಂದು ಗಾಬರಿಯಾಗಬೇಡಿ. ಚುಕ್ಕಿಗಿಂತ ಸಣ್ಣದಾದ ವಿವರ ಆ ಅಚ್ಚಿನಲ್ಲಿ ಬಹುಮಟ್ಟಿಗೆ ಇರಲೇ ಇಲ್ಲ, ಹಾಗಾಗಿ ಕಳೆದುಕೊಂಡದ್ದು ಸ್ವಲ್ಪವೇ. ಓರೆಯಾಗಿ ಬಿದ್ದ ಸ್ಕ್ಯಾನನ್ನು ನೇರಗೊಳಿಸುವುದಿದ್ದರೆ ಅದನ್ನೂ ಚುಕ್ಕಿ ಕರಗಿದ ಮೇಲೆ ಮಾಡಿ, ಏಕೆಂದರೆ ತಿರುಗಿಸುವುದೂ ಒಂದು ಬಗೆಯ ರೀಸ್ಯಾಂಪ್ಲಿಂಗ್ ಆಗಿದ್ದು ಮೊಯ್ರೆಗೆ ದಾರಿ ಮಾಡಿಕೊಡುತ್ತದೆ.

ಪ್ರಶ್ನೆ: ಹೇಗೂ ಕಿರಿದು ಮಾಡಬೇಕಾದರೆ ನೇರವಾಗಿ 150 ಡಿಪಿಐಯಲ್ಲೇ ಸ್ಕ್ಯಾನ್ ಮಾಡಬಾರದೇಕೆ?

ಉತ್ತರ: ಮಾಡಬಹುದು. ಆದರೆ ಆಗ ಕಿರಿದುಗೊಳಿಸುವ ಕೆಲಸವನ್ನು ಸ್ಕ್ಯಾನರಿನ ತಂತ್ರಾಂಶಕ್ಕೆ ಒಪ್ಪಿಸಿದಂತಾಗುತ್ತದೆ. ಅದು ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತದೆಯೋ, ನಡುವಿನವನ್ನು ಬಿಟ್ಟುಬಿಡುತ್ತದೆಯೋ ನಿಮಗೆ ಕಾಣುವುದಿಲ್ಲ. ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ಸ್ಕ್ಯಾನ್ ಮಾಡಿ ನೀವೇ ಇಳಿಸುವುದರಲ್ಲಿ ಇನ್ನೊಂದು ಲಾಭವಿದೆ: ಸ್ಕ್ಯಾನರಿನ ಸೆನ್ಸರಿನಿಂದ ಬರುವ ಅಡ್ಡಾದಿಡ್ಡಿ ಕಲೆ, ಅಂದರೆ ನಾಯ್ಸ್, ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ ಸ್ವತಂತ್ರವಾಗಿದ್ದರೆ, ನಾಲ್ಕರ ಸರಾಸರಿಯಲ್ಲಿ ಅರ್ಧಕ್ಕೂ ಹದಿನಾರರ ಸರಾಸರಿಯಲ್ಲಿ ಕಾಲಿಗೂ ಇಳಿಯುತ್ತದೆ. ನಿಯರೆಸ್ಟ್ ನೇಬರ್‌ನಲ್ಲಿ ಇಳಿಸಿದರೆ ಅದು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಆದರೆ ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಸಂಖ್ಯೆಯ ಬೆನ್ನು ಹತ್ತಬೇಡಿ. ಆಪ್ಟಿಕಲ್ ರೆಸಲ್ಯೂಷನ್ನಿನ, ಅಂದರೆ ಸ್ಕ್ಯಾನರ್ ನಿಜವಾಗಿ ಕಾಣಬಲ್ಲ ಸೂಕ್ಷ್ಮತೆಯ, ಮಿತಿಯನ್ನು ದಾಟಿದ ಮೇಲೆ ಸಿಗುವುದು ಯಂತ್ರವೇ ಊಹಿಸಿ ತುಂಬಿದ ಪಿಕ್ಸೆಲ್‌ಗಳು. ಅವನ್ನು ಮತ್ತೆ ಇಳಿಸಿ ಪಡೆಯುವಂಥದ್ದು ಏನೂ ಇಲ್ಲ.

ಪ್ರಶ್ನೆ: ಕಪ್ಪು ಬಿಳುಪು ರೇಖಾಚಿತ್ರದ ಸ್ಕ್ಯಾನನ್ನು ಯಾವ ವಿಧಾನ ಆರಿಸಿ ಇಳಿಸಿದರೂ ಗೆರೆಗಳು ಹರಿದಂತಾಗುತ್ತವೆ.

ಉತ್ತರ: ಕಡತ 1 ಬಿಟ್‌ನದೋ ಅಥವಾ ಇಂಡೆಕ್ಸ್ಡ್ ಬಣ್ಣದ್ದೋ ಆಗಿರಬೇಕು: ಮೊದಲನೆಯದರಲ್ಲಿ ಬರಿಯ ಕಪ್ಪು ಬಿಳಿ, ಎರಡನೆಯದರಲ್ಲಿ ಒಂದು ಪಟ್ಟಿಯಲ್ಲಿರುವ ಕೆಲವೇ ಬಣ್ಣಗಳು ಇರುತ್ತವೆ. ಅಂತಹ ಕಡತದಲ್ಲಿ ನಡುವಿನ ಛಾಯೆಗೆ ಜಾಗವೇ ಇಲ್ಲದ್ದರಿಂದ ಫೋಟೊಶಾಪ್‌ನಂತಹ ತಂತ್ರಾಂಶಗಳು ಸರಾಸರಿ ತೆಗೆಯದೆ ನಿಯರೆಸ್ಟ್ ನೇಬರನ್ನೇ ಬಳಸುತ್ತವೆ. ಮೊದಲು ಗ್ರೇಸ್ಕೇಲ್ ಅಥವಾ ಆರ್‌ಜಿಬಿಗೆ ಪರಿವರ್ತಿಸಿ ಆಮೇಲೆ ಇಳಿಸಿದರೆ ಗೆರೆಗಳು ನಯವಾಗಿ ಬರುತ್ತವೆ.

ಪ್ರಶ್ನೆ: ಎರಡು ತಂತ್ರಾಂಶಗಳನ್ನು ಮನೆಯಲ್ಲಿಯೇ ನ್ಯಾಯವಾಗಿ ಹೋಲಿಸುವುದು ಹೇಗೆ? ಪ್ರತಿ ಸಲ ನನಗೆ ಬೇರೆ ಬೇರೆ ತೀರ್ಮಾನ ಸಿಗುತ್ತಿದೆ.

ಉತ್ತರ: ಹೆಚ್ಚಿನ ಹೋಲಿಕೆಗಳು ಕೆಡುವುದು ನೋಡುವ ಹಂತದಲ್ಲಿ. ಚಿತ್ರವನ್ನು ಕಿಟಕಿಯ ಅಳತೆಗೆ ಹೊಂದಿಸಿ ನೋಡುತ್ತಿದ್ದರೆ, ನೋಡುವ ತಂತ್ರಾಂಶ ಅದನ್ನು ಮತ್ತೊಮ್ಮೆ ರೀಸ್ಯಾಂಪಲ್ ಮಾಡಿರುತ್ತದೆ, ಮತ್ತು ನೀವು ಅಳೆಯುತ್ತಿರುವುದು ಅದರ ಫಿಲ್ಟರನ್ನು. ಎರಡೂ ಚಿತ್ರಗಳನ್ನು ಶೇ. 100ರಲ್ಲಿ, ಒಂದೇ ತಂತ್ರಾಂಶದಲ್ಲಿ ತೆರೆಯಬೇಕು. ಪರದೆಯ ಸ್ಕೇಲಿಂಗ್ ಶೇ. 125 ಅಥವಾ 150 ಎಂದಿದ್ದರೆ ಬ್ರೌಸರ್ ಕೂಡ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನು ಮರೆಯಬಾರದು.

ಪರೀಕ್ಷೆಗೆ ಎರಡು ಚಿತ್ರಗಳು ಬೇಕು. ಒಂದು, ಹೊರಗೆ ಹೋದಂತೆ ಒತ್ತೊತ್ತಾಗುವ ಏಕಕೇಂದ್ರ ವೃತ್ತಗಳ ಚಿತ್ರ. ಇಳಿಸಿದ ಮೇಲೆ ಹೊರಗಿನ ಒತ್ತಾದ ವೃತ್ತಗಳು ಸಮ ಬೂದಿಗೆ ಕರಗಬೇಕು. ಅಲ್ಲಲ್ಲಿ ಹೊಸ ವೃತ್ತಗಳ ಗುಂಪುಗಳು ಹುಟ್ಟಿದ್ದರೆ ಆ ತಂತ್ರಾಂಶ ಫಿಲ್ಟರನ್ನು ಹಿಗ್ಗಿಸುತ್ತಿಲ್ಲ ಎಂದೇ ಅರ್ಥ. ಅನುಮಾನಕ್ಕೆ ಎಡೆಯಿಲ್ಲದ ಪರೀಕ್ಷೆ ಇದು, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯದು ನಿಮ್ಮದೇ ಒಂದು ಸ್ಕ್ಯಾನ್. ಅದರಲ್ಲಿ ಕೂದಲು, ಬಟ್ಟೆಯ ನೇಯ್ಗೆ, ನುಣುಪಾದ ಚರ್ಮ ಮೂರೂ ಇರಲಿ. ವೃತ್ತಗಳ ಚಿತ್ರದಲ್ಲಿ ಗೆದ್ದ ಫಿಲ್ಟರ್ ಮುಖದ ಮೇಲೆ ಒರಟಾಗಿ ಕಾಣುವುದುಂಟು, ಆದ್ದರಿಂದ ಒಂದೇ ಪರೀಕ್ಷೆ ಸಾಲದು.

ಎರಡೂ ಕಡೆ ಹರಿತಗೊಳಿಸುವ ಆಯ್ಕೆಯನ್ನು ತೆಗೆದುಹಾಕಿ, ಫಲಿತಾಂಶವನ್ನು ಟಿಫ್ ಅಥವಾ ಪಿಎನ್‌ಜಿಯಲ್ಲಿ ಉಳಿಸಿ. ನಂತರ ಒಂದರ ಮೇಲೊಂದನ್ನು ಪದರವಾಗಿ ಇಟ್ಟು ‘ಡಿಫರೆನ್ಸ್’ ಮೋಡ್ ಹಾಕಿದರೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ಬೆಳಕು ಕಾಣುತ್ತದೆ. ಎಲ್ಲ ಅಂಚುಗಳ ಒಂದೇ ಬದಿಯಲ್ಲಿ ಗೆರೆ ಕಂಡರೆ ಅದು ಗುಣಮಟ್ಟದ ವ್ಯತ್ಯಾಸವಲ್ಲ, ಒಂದು ತಂತ್ರಾಂಶ ಚಿತ್ರವನ್ನು ಪಿಕ್ಸೆಲ್ಲಿನ ಒಂದು ಅಂಶದಷ್ಟು ಪಕ್ಕಕ್ಕೆ ಸರಿಸಿದೆ. ಬಣ್ಣವೇ ಬೇರೆಯಾಗಿ ಕಂಡರೆ ಒಂದು ಕಡತದಿಂದ ಬಣ್ಣದ ಪ್ರೊಫೈಲ್, ಅಂದರೆ ಸಂಖ್ಯೆಗಳನ್ನು ಯಾವ ಬಣ್ಣಗಳಾಗಿ ಓದಬೇಕೆಂದು ಹೇಳುವ ಸೂಚನೆ, ಬಿದ್ದುಹೋಗಿರಬಹುದು. ಅಡೋಬಿ ಆರ್‌ಜಿಬಿಯಲ್ಲಿರುವ ಸ್ಕ್ಯಾನ್ ಪ್ರೊಫೈಲ್ ಕಳೆದುಕೊಂಡಾಗ ಪೇಲವವಾಗುತ್ತದೆ, ಅದಕ್ಕೂ ಕಿರಿದುಗೊಳಿಸಿದ ವಿಧಾನಕ್ಕೂ ಸಂಬಂಧವಿಲ್ಲ.

ಜೆಪೆಗ್‌ನಲ್ಲಿ ಹೋಲಿಸಬೇಡಿ ಎನ್ನುವುದಕ್ಕೂ ಕಾರಣವಿದೆ. ಒಂದು ತಂತ್ರಾಂಶದ 80 ಇನ್ನೊಂದರ 80 ಅಲ್ಲ. ಫೋಟೊಶಾಪ್‌ನ ‘ಸೇವ್ ಆ್ಯಸ್’ನಲ್ಲಿ ಮಾಪಕ ಇರುವುದೇ 0ರಿಂದ 12ರವರೆಗೆ. ಜೊತೆಗೆ ಹಲವು ತಂತ್ರಾಂಶಗಳು ಬಣ್ಣದ ಮಾಹಿತಿಯನ್ನು ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸಿ ಉಳಿಸುತ್ತವೆ, ಅಂದರೆ ನೀವು ಎಚ್ಚರದಿಂದ ಇಳಿಸಿದ ಚಿತ್ರದ ಬಣ್ಣವನ್ನು ಇನ್ನೊಮ್ಮೆ ಇಳಿಸುತ್ತವೆ. ಕೆಂಪು ಬಟ್ಟೆಯ ಅಂಚು ಕಲೆಸಿದಂತೆ ಕಾಣುವುದು ಇದರಿಂದಲೇ. ಕಳುಹಿಸುವ ಪ್ರತಿಯಲ್ಲಿ ಅಂತಹ ಬಟ್ಟೆ ಇದ್ದರೆ ಜೆಪೆಗ್ ಉಳಿಸುವ ಕಿಟಕಿಯಲ್ಲಿ ‘ಸಬ್‌ಸ್ಯಾಂಪ್ಲಿಂಗ್’ ಎಂಬ ಆಯ್ಕೆಯನ್ನು ಹುಡುಕಿ 4:4:4 (ಬಣ್ಣವನ್ನು ಇಳಿಸದೆ ಉಳಿಸು) ಎಂದು ಬದಲಿಸಿ. ಕಡತ ಸ್ವಲ್ಪ ದೊಡ್ಡದಾಗುತ್ತದೆ, ಕೆಂಪು ಅಂಚು ನೆಟ್ಟಗೆ ಉಳಿಯುತ್ತದೆ.